ಮನೆ ಬಿಲ್ಲೂ ಮನೆ ಖಾತೆಯೂ: ಸರ್ಕಾರಿ ವಸತಿ ಯೋಜನೆಯ ಲೆಕ್ಕವನ್ನು ನೀವೇ ತಾಳೆ ನೋಡುವ ಬಗೆ

ಮಾರ್ಚ್ ಕೊನೆಯ ಒಂದು ಮಧ್ಯಾಹ್ನ ನಮ್ಮ ಚಿಕ್ಕಮ್ಮ ಬಿಸಿಲಲ್ಲಿ ನಡೆದು ಬಂದು ಜಗಲಿ ಮೇಲೆ ಕೂತರು. ಕೈಯಲ್ಲಿ ಬಟ್ಟೆ ಅಂಗಡಿಯ ಕವರ್, ಅದರೊಳಗೆ ಮಡಿಸಿ ಮಡಿಸಿ ಹರಿಯುವಂತಾಗಿದ್ದ ಕಾಗದಗಳು. ಒಂದು ಲೋಟ ನೀರು ಕುಡಿದು ಹೇಳಿದರು: "ಲಿಂಟಲ್ ಬಿಲ್ ಐದು ತಿಂಗಳಾಯ್ತು ಮಗಾ, ಬಂದೇ ಇಲ್ಲ. ಪಂಚಾಯ್ತಿಯಲ್ಲಿ ಕೇಳಿದ್ರೆ ನಿಮ್ಮ ಖಾತೆಗೆ ಹಾಕಿ ಆಗಿದೆ ಅಮ್ಮಾ ಅಂತಾರೆ. ಹಾಕಿದ್ರೆ ಎಲ್ಲಿ ಹೋಯ್ತು? ಯಾರೋ ತಿಂದ್ರು, ಅಷ್ಟೇ. ಮಳೆ ಹಿಡಿಯೋದ್ರೊಳಗೆ ಸೂರು ಹಾಕದಿದ್ರೆ ಗೋಡೆ ಉಳಿಯೋದಿಲ್ಲ."

ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯವರಿಗೆ ಆ ಕೊನೆಯ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಜೂನ್‌ನಲ್ಲಿ ಮಳೆ ಕೂತಿತೆಂದರೆ ಏಳುವುದು ನವರಾತ್ರಿ ಹೊತ್ತಿಗೆ. ಸೂರಿಲ್ಲದ ಜಂಬಿಟ್ಟಿಗೆ ಗೋಡೆ ನಾಲ್ಕು ತಿಂಗಳು ನೀರು ಕುಡಿದು ನಿಂತರೆ ಮುಂದೆ ಅದರ ಮೇಲೆ ಭಾರ ಹಾಕಲು ಯಾವ ಮೇಸ್ತ್ರಿಯೂ ಒಪ್ಪುವುದಿಲ್ಲ. ಬಿಲ್ ಎಂದರೆ ಮನೆ ಒಂದೊಂದು ಹಂತ ಮೇಲೆದ್ದಾಗ ಸರ್ಕಾರ ಕೊಡುವ ಕಂತು, ಲಿಂಟಲ್ ಎಂದರೆ ಬಾಗಿಲು ಕಿಟಕಿಯ ಮೇಲಿನ ತೊಲೆಯ ಹಂತ. ಹಾಗಾಗಿ ಬಿಲ್ ಒಂದು ತಿಂಗಳು ತಡವಾದರೆ ನಮ್ಮಲ್ಲಿ ಮನೆ ಒಂದು ವರ್ಷ ತಡವಾಗುತ್ತದೆ.

ಚಿಕ್ಕಮ್ಮನ ದುಡ್ಡು ಸಿಕ್ಕಿತು. ಎಲ್ಲಿ ಸಿಕ್ಕಿತು ಎಂಬುದನ್ನು ಮುಂದೆ ಹೇಳುತ್ತೇನೆ. ಅದನ್ನು ಹುಡುಕುವ ಓಡಾಟದಲ್ಲಿ ನನಗೆ ಮನವರಿಕೆಯಾದ ಸಂಗತಿ ಇಷ್ಟು. ಈ ಯೋಜನೆಗಳ ಮೇಲೆ ಕಣ್ಣಿಡಲು ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ವಸತಿ ನಿಗಮ, ಲೆಕ್ಕ ಪರಿಶೋಧಕರು ಎಲ್ಲ ಇದ್ದಾರೆ. ಅವರೆಲ್ಲ ನೋಡುವುದು ಕಾಗದವನ್ನು, ಕಂಪ್ಯೂಟರ್ ಪರದೆಯನ್ನು. ಗುಡ್ಡದ ಮೇಲಿನ ಒಂಟಿ ಮನೆಯನ್ನು ದಿನಾ ನೋಡುವವರು ನಾವು. ಕಾಗದದ ಮೇಲಿನ ಮನೆಗೂ ನೆಲದ ಮೇಲಿನ ಮನೆಗೂ ತಾಳೆಯಿದೆಯೇ ಎಂದು ನೋಡಲು ನಮ್ಮಿಂದ ಆಗುವಷ್ಟು ಬೇರೆಯವರಿಂದ ಆಗುವುದಿಲ್ಲ. ಅದಕ್ಕೆ ಬೇಕಾದ ದಾಖಲೆಗಳ ಬಾಗಿಲು ಕಾನೂನಿನಲ್ಲಿ ತೆರೆದೇ ಇದೆ.

ಯಾವ ಯೋಜನೆ, ಎಷ್ಟು ದುಡ್ಡು

"ಆಶ್ರಯ ಮನೆ" ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಹಲವು ಯೋಜನೆಗಳಿವೆ. ರಾಜ್ಯದ್ದು ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್, ದೇವರಾಜ ಅರಸು ವಸತಿ ಯೋಜನೆಗಳು. ಕೇಂದ್ರದ್ದು ಪ್ರಧಾನ ಮಂತ್ರಿ ಆವಾಸ್ ಯೋಜನೆ ಗ್ರಾಮೀಣ. ಇವೆಲ್ಲವನ್ನೂ ನಮ್ಮ ರಾಜ್ಯದಲ್ಲಿ ನಡೆಸುವುದು 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ನಿಮ್ಮ ಮನೆ ಯಾವ ಯೋಜನೆಯದ್ದು, ಯಾವ ಸಾಲಿನದ್ದು ಎಂದು ಮೊದಲು ತಿಳಿದುಕೊಳ್ಳಿ. ಇವೆರಡು ಗೊತ್ತಿಲ್ಲದೆ ಕೌಂಟರಿನಲ್ಲಿ ಕೇಳಿದರೆ ಯಾರಿಗೂ ಉತ್ತರ ಹೇಳಲು ಆಗುವುದಿಲ್ಲ.

ಕೇಂದ್ರದ ಯೋಜನೆಯಲ್ಲಿ ಒಂದು ಮನೆಗೆ ನೆರವು 1.20 ಲಕ್ಷ ರೂಪಾಯಿ. ಗುಡ್ಡಗಾಡು ರಾಜ್ಯಗಳಿಗೆ 1.30 ಲಕ್ಷ ಎಂದಿರುವುದನ್ನು ಕೇಳಿ ನಮ್ಮವರು ಕೆಲವರು "ಮಲೆನಾಡಿಗೂ ಅಷ್ಟು ಬರಬೇಕಲ್ಲ, ಹತ್ತು ಸಾವಿರ ಯಾರು ಇಟ್ಟುಕೊಂಡರು" ಎಂದು ಕೇಳುವುದುಂಟು. ಆ ಲೆಕ್ಕ ಹಿಮಾಲಯದ ಮತ್ತು ಈಶಾನ್ಯದ ರಾಜ್ಯಗಳಂಥವಕ್ಕೆ. ನಮ್ಮ ಘಟ್ಟ ಎಷ್ಟೇ ಎತ್ತರವಿದ್ದರೂ ಕರ್ನಾಟಕ ಆ ಪಟ್ಟಿಯಲ್ಲಿಲ್ಲ. ಈ ನೆರವಿನಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಅಡುಗೆ ಜಾಗವೂ ಸೇರಿ ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಇದಲ್ಲದೆ ಉದ್ಯೋಗ ಖಾತ್ರಿಯಡಿ 90 ಮಾನವ ದಿನಗಳ ಕೂಲಿ, ಸ್ವಚ್ಛ ಭಾರತ್‌ನಿಂದ ಶೌಚಾಲಯಕ್ಕೆ 12,000 ರೂಪಾಯಿ ಜೋಡಿಸಲು ಯೋಜನೆಯ ಮಾರ್ಗಸೂಚಿ ಹೇಳುತ್ತದೆ. ಮನೆ ಬಿಲ್ ಬಂತೆಂದು ಸುಮ್ಮನಾಗಿ ಈ ಎರಡನ್ನು ಕೇಳದೇ ಬಿಟ್ಟವರು ನಮ್ಮ ಊರಲ್ಲೇ ಇದ್ದಾರೆ.

ರಾಜ್ಯದ ಯೋಜನೆಗಳಲ್ಲಿ ಮೊತ್ತ ವರ್ಗಕ್ಕೆ, ಸಾಲಿಗೆ ತಕ್ಕಂತೆ ಬೇರೆ ಬೇರೆ. ಪಕ್ಕದ ಮನೆಯವರಿಗೆ ಬಂದದ್ದನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ನಿಮ್ಮ ಮಂಜೂರಾತಿ ಆದೇಶದಲ್ಲಿ ಬರೆದ ಮೊತ್ತವೇ ನಿಮ್ಮ ಲೆಕ್ಕ.

ದಾಖಲೆ, ಫೋಟೊ, ಆನ್‌ಲೈನ್ ಎಂದು ಸರ್ಕಾರ ಇಷ್ಟು ಬಿಗಿ ಮಾಡಿದ್ದಕ್ಕೂ ಹಿನ್ನೆಲೆಯಿದೆ. ಇಂದಿರಾ ಆವಾಸ್ ಯೋಜನೆಯನ್ನು ಸಿಎಜಿ, ಅಂದರೆ ದೇಶದ ಮಹಾಲೇಖಪಾಲರು, ಪರಿಶೀಲಿಸಿ 2014ರಲ್ಲಿ ವರದಿ ಕೊಟ್ಟರು. ಫಲಾನುಭವಿಗಳ ಆಯ್ಕೆ ಪಾರದರ್ಶಕವಾಗಿಲ್ಲ, ಮನೆಗಳ ಗುಣಮಟ್ಟ ಕಡಿಮೆ, ತಾಂತ್ರಿಕ ಮೇಲ್ವಿಚಾರಣೆಯಿಲ್ಲ, ಉಸ್ತುವಾರಿ ದುರ್ಬಲ ಎಂಬ ಕೊರತೆಗಳು ಹೊರಬಂದವು. ಅವನ್ನು ಸರಿಪಡಿಸಲೆಂದೇ 2016ರಲ್ಲಿ ಯೋಜನೆಯನ್ನು ಬದಲಿಸಿ ಈಗಿನ ರೂಪ ಕೊಟ್ಟದ್ದು. ಇವತ್ತು ತಳಪಾಯಕ್ಕೊಂದು ಫೋಟೊ, ಲಿಂಟಲ್‌ಗೊಂದು ಫೋಟೊ ಎಂದು ಅಲೆದಾಡಿಸುವಾಗ ಬೇಸರವಾಗುತ್ತದೆ, ನಿಜ. ಆದರೆ ಕಟ್ಟದ ಮನೆಗೆ ಬಿಲ್ ಆಗುವುದನ್ನು ತಡೆಯುವುದೂ ಅದೇ ಫೋಟೊ.

ಮೊದಲ ಹೆಜ್ಜೆ: ಕಾಗದಗಳನ್ನು ಪಕ್ಕ ಪಕ್ಕ ಇಟ್ಟು ಓದಿ

ಯಾವ ಕಚೇರಿಗೂ ಹೋಗುವ ಮುಂಚೆ ಮನೆಯಲ್ಲೇ ಮಾಡುವ ಕೆಲಸ ಇದು. ಮಂಜೂರಾತಿ ಅಥವಾ ಕಾಮಗಾರಿ ಆದೇಶ, ಬ್ಯಾಂಕ್ ಪಾಸ್‌ಬುಕ್, ಜಾಗದ ದಾಖಲೆ (ನಮೂನೆ 9 ಅಥವಾ ಹಕ್ಕುಪತ್ರ), ಆಧಾರ್, ರೇಷನ್ ಕಾರ್ಡ್ ಇವೆಲ್ಲವನ್ನೂ ಚಾಪೆ ಮೇಲೆ ಸಾಲಾಗಿ ಹರಡಿ. ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ನಮ್ಮ ಕಡೆಯ ದಾಖಲೆಗಳಲ್ಲಿ ತೊಡಕು ಬರುವುದು ಹೆಚ್ಚಾಗಿ ಇಲ್ಲೇ. ಒಂದರಲ್ಲಿ ಹೆಸರಿನ ಮುಂದೆ ಊರಿನ ಇನಿಷಿಯಲ್, ಇನ್ನೊಂದರಲ್ಲಿ ಇಲ್ಲ. ಹಳೆಯ ದಾಖಲೆಯಲ್ಲಿ "ಕೋಂ" ಎಂದು ಗಂಡನ ಹೆಸರು, ಆಧಾರ್‌ನಲ್ಲಿ ತಂದೆಯ ಹೆಸರು. ಒಂದು ಕಡೆ "ನಾಯ್ಕ", ಮತ್ತೊಂದು ಕಡೆ "ನಾಯಕ್". ಓದುವವರಿಗೆ ಒಬ್ಬರೇ ಎಂದು ಗೊತ್ತಾಗುತ್ತದೆ, ಕಂಪ್ಯೂಟರಿಗೆ ಇಬ್ಬರು.

ವ್ಯತ್ಯಾಸ ಕಂಡರೆ ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಆಧಾರ್ ತಿದ್ದಿಸುವುದೋ ಪಂಚಾಯಿತಿ ದಾಖಲೆ ತಿದ್ದಿಸುವುದೋ ಎಂಬ ಗೊಂದಲವಿದ್ದರೆ ನನ್ನ ಸಲಹೆ ಇದು: ಮಂಜೂರಾತಿ ಆದೇಶಕ್ಕೂ ಆಧಾರ್‌ಗೂ ತಾಳೆಯಾಗುವಂತೆ ಮೊದಲು ಮಾಡಿಕೊಳ್ಳಿ, ಏಕೆಂದರೆ ಹಣ ಹೋಗುವುದು ಆ ದಾರಿಯಲ್ಲಿ. ಜಾಗದ ದಾಖಲೆ ತಿದ್ದುಪಡಿಗೆ ಹೆಚ್ಚು ದಿನ ಹಿಡಿಯುತ್ತದೆ, ಆದರೆ ಅದರಿಂದ ಬಿಲ್ ತಕ್ಷಣ ನಿಲ್ಲುವುದಿಲ್ಲ.

ಎರಡನೇ ಹೆಜ್ಜೆ: ಫೋನಿನಲ್ಲೇ ಪಟ್ಟಿ ತೆಗೆದು ನೋಡಿ

ವಸತಿ ನಿಗಮದ ಜಾಲತಾಣದಲ್ಲಿ ಫಲಾನುಭವಿ ಮಾಹಿತಿ ನೋಡುವ ಭಾಗವಿದೆ. ಜಿಲ್ಲೆ ಆರಿಸಿ, ಆದೇಶದಲ್ಲಿರುವ ಫಲಾನುಭವಿ ಸಂಖ್ಯೆ ಹಾಕಿದರೆ ನಿಮ್ಮ ಮನೆ ಯಾವ ಹಂತದಲ್ಲಿದೆ, ಎಷ್ಟು ಬಿಡುಗಡೆಯಾಗಿದೆ ಎಂದು ಬರುತ್ತದೆ.

ಕೇಂದ್ರದ ಯೋಜನೆಯದ್ದಾದರೆ ಇನ್ನೂ ಒಂದು ಒಳ್ಳೆಯ ಜಾಗವಿದೆ. ಅದರ ಜಾಲತಾಣದ ಆವಾಸ್ ಸಾಫ್ಟ್ ವರದಿಗಳ ಪುಟಕ್ಕೆ ಹೋಗಿ, ಕೆಳಗೆ ಸೋಷಿಯಲ್ ಆಡಿಟ್ ರಿಪೋರ್ಟ್ಸ್ ಎಂಬ ಗುಂಪು ಹುಡುಕಿ. ಅದರಲ್ಲಿ ಫಲಾನುಭವಿಗಳ ವಿವರ ಪರಿಶೀಲನೆಗೆಂದು ಒಂದು ಕೊಂಡಿ ಇದೆ. ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ, ವರ್ಷ, ಯೋಜನೆ ಆರಿಸಿದರೆ ಆ ಪಂಚಾಯಿತಿಯ ಇಡೀ ಪಟ್ಟಿ ತೆರೆದುಕೊಳ್ಳುತ್ತದೆ. ಯಾರ ಹೆಸರಿಗೆ ಮನೆ, ಮಂಜೂರಾದದ್ದು ಎಷ್ಟು, ಬಿಡುಗಡೆಯಾದದ್ದು ಎಷ್ಟು, ಮನೆ ಯಾವ ಸ್ಥಿತಿಯಲ್ಲಿದೆ, ಎಲ್ಲ. ಲಾಗಿನ್ ಬೇಡ, ಯಾರ ಅನುಮತಿಯೂ ಬೇಡ. ನಮ್ಮ ಕಡೆ ಟವರ್ ಸಿಗುವ ದಿಬ್ಬಕ್ಕೆ ಹೋಗಿ ನಿಲ್ಲಬೇಕಾಗಬಹುದು, ಅಷ್ಟೇ. ಸಾಧ್ಯವಾದರೆ ಸೈಬರ್ ಸೆಂಟರಿನಲ್ಲಿ ಆ ಪಟ್ಟಿಯ ಒಂದು ಪ್ರಿಂಟ್ ತೆಗೆಸಿ ಊರಿನ ಹಾಲಿನ ಡೇರಿಯಲ್ಲೋ ಸಂಘದ ಮನೆಯಲ್ಲೋ ಇಡಿ.

ಪಟ್ಟಿಯಲ್ಲಿ "ಪೂರ್ಣ" ಎಂದಿರುವ ಮನೆಗೆ ನೆಲದ ಮೇಲೆ ಬಾಗಿಲೇ ಇಲ್ಲದಿದ್ದರೆ, ಅಥವಾ ಊರಲ್ಲಿ ಯಾರೂ ಕೇಳದ ಹೆಸರು ಪಟ್ಟಿಯಲ್ಲಿದ್ದರೆ ಬರೆದಿಟ್ಟುಕೊಳ್ಳಿ. ಅಲ್ಲೇ ಜಗಳಕ್ಕೆ ಇಳಿಯಬೇಡಿ. ಮನೆ ಬೇರೆಯವರ ಹೆಸರಿಗೆ ವರ್ಗವಾಗಿರಬಹುದು, ಫಲಾನುಭವಿ ತೀರಿಕೊಂಡು ಮಗಳ ಹೆಸರು ಬಂದಿರಬಹುದು. ಮೊದಲು ಪ್ರಶ್ನೆ ಕೇಳಿ, ಉತ್ತರ ಲಿಖಿತದಲ್ಲಿ ಬರಲಿ.

ಇನ್ನೊಂದು ಮಾತು. ಆದೇಶ ಸಿಕ್ಕ ಮೇಲೆ ಗೊತ್ತುಪಡಿಸಿದ ಅವಧಿಯಲ್ಲಿ ಕೆಲಸ ಶುರುವಾಗದಿದ್ದರೆ, ಅಥವಾ ಹಂತದ ಫೋಟೊ ಏರದಿದ್ದರೆ ಮನೆ "ಬ್ಲಾಕ್" ಆಗುತ್ತದೆ, ಅಂದರೆ ಅದರ ಹಣ ತಡೆಯಾಗುತ್ತದೆ. ಆದೇಶ ಜೂನ್‌ನಲ್ಲಿ ಕೈಗೆ ಬಂದರೆ ಮಲೆನಾಡಿನಲ್ಲಿ ತಳಪಾಯ ತೋಡಲು ಹೇಗೆ ಸಾಧ್ಯ? ಇಂಥ ಸಂದರ್ಭದಲ್ಲಿ ಸುಮ್ಮನೆ ಕೂರದೆ, ಮಳೆಯ ಕಾರಣಕ್ಕೆ ಕೆಲಸ ದೀಪಾವಳಿ ನಂತರ ಆರಂಭಿಸುತ್ತೇವೆ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಅರ್ಜಿ ಬರೆದು, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಮುಂದೆ ಬ್ಲಾಕ್ ತೆಗೆಸಬೇಕಾಗಿ ಬಂದಾಗ ಆ ಒಂದು ಹಾಳೆ ಬಹಳ ಕೆಲಸಕ್ಕೆ ಬರುತ್ತದೆ.

ಮೂರನೇ ಹೆಜ್ಜೆ: "ಹಾಕಿ ಆಗಿದೆ" ಎಂದ ದುಡ್ಡನ್ನು ಹುಡುಕಿ

ಈಗ ಚಿಕ್ಕಮ್ಮನ ದುಡ್ಡಿನ ವಿಷಯ. ನಿಗಮದ ಪರದೆಯಲ್ಲಿ ಲಿಂಟಲ್ ಹಂತದ ಹಣ ಪಾವತಿಯಾಗಿದೆ ಎಂದೇ ತೋರಿಸುತ್ತಿತ್ತು. ಪಾಸ್‌ಬುಕ್ ಬ್ಯಾಂಕಿನಲ್ಲಿ ಎಂಟ್ರಿ ಮಾಡಿಸಿದರೆ ತಳಪಾಯದ ಬಿಲ್ ಇದೆ, ಲಿಂಟಲ್‌ದು ಇಲ್ಲ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಆಧಾರ್ ಜಾಲತಾಣದಲ್ಲಿ ಚಿಕ್ಕಮ್ಮನ ಸಂಖ್ಯೆ ಹಾಕಿ, ಅವರ ಫೋನಿಗೆ ಬಂದ ಒಟಿಪಿ ಕೊಟ್ಟು, ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಎಂಬುದನ್ನು ತೆರೆದೆವು. ಅಲ್ಲಿದ್ದದ್ದು ಬೇರೆ ಬ್ಯಾಂಕಿನ ಹೆಸರು. "ಇದು ಸಂಘದ ಸಾಲಕ್ಕೆ ಅಂತ ಪೇಟೆಯಲ್ಲಿ ತೆಗೆಸಿದ್ದಲ್ವಾ" ಎಂದು ಚಿಕ್ಕಮ್ಮನಿಗೆ ನೆನಪಾಯಿತು. ತಳಪಾಯದ ಬಿಲ್ ಬಂದ ಮೇಲೆ ಅಲ್ಲಿ ಯಾರೋ ಕೇಳಿದರೆಂದು ಆಧಾರ್ ಪ್ರತಿ ಕೊಟ್ಟು ಹೆಬ್ಬೆಟ್ಟು ಒತ್ತಿ ಬಂದಿದ್ದರು. ಆಧಾರ್ ಆಧಾರಿತ ಪಾವತಿಯಲ್ಲಿ ಹಣ ಹೋಗುವುದು ನೀವು ಪಂಚಾಯಿತಿಗೆ ಕೊಟ್ಟ ಖಾತೆಗೆ ಅಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಮಾರನೇ ದಿನ ಪೇಟೆಗೆ ಹೋಗಿ ಆ ಹಳೆಯ ಪಾಸ್‌ಬುಕ್ ಎಂಟ್ರಿ ಮಾಡಿಸಿದೆವು. ಮಷಿನ್ ಟಕಟಕ ಎಂದು ಒಂದೇ ಒಂದು ಸಾಲು ಹೊಡೆದು ನಿಂತಿತು. ಐದು ತಿಂಗಳ ಹಿಂದಿನ ದಿನಾಂಕ, ಪೂರ್ತಿ ಮೊತ್ತ. ಚಿಕ್ಕಮ್ಮ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತರು. ಆಮೇಲೆ ಹೇಳಿದ್ದು ಒಂದೇ ಮಾತು: "ಆ ಹುಡುಗನಿಗೆ ಎಷ್ಟು ಬೈದು ಬಂದೆ ಮಗಾ." ಪಂಚಾಯಿತಿಯ ಕಂಪ್ಯೂಟರ್ ಆಪರೇಟರ್ ಬಗ್ಗೆ ಅವರು ಹೇಳಿದ್ದು.

ಹಾಗಾಗಿ ಬಿಲ್ ಬಂದಿಲ್ಲ ಎನಿಸಿದರೆ ಈ ಕ್ರಮದಲ್ಲಿ ನೋಡಿ. ಪರದೆಯಲ್ಲಿ ಪಾವತಿ ಆಗಿದೆ ಎಂದಿದ್ದರೆ ಆಧಾರ್ ಜೋಡಣೆ ನೋಡಿ, ಆ ಬ್ಯಾಂಕಿನ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಪಾವತಿ ಆಗಿಲ್ಲ ಎಂದಿದ್ದರೆ ಜಾಗದ ಗುರುತು ಸೇರಿದ ಜಿಪಿಎಸ್ ಫೋಟೊ ಏರಿದೆಯೇ, ಅದು ಒಪ್ಪಿಗೆಯಾಗಿದೆಯೇ ಎಂದು ಕೇಳಿ. ದಟ್ಟ ಮರಗಳ ನಡುವಿನ ಮನೆಗಳಲ್ಲಿ ಸಿಗ್ನಲ್ ಇಲ್ಲದೆ ಫೋಟೊ ಏರದೆ ಉಳಿಯುವುದುಂಟು. ಫೋಟೊ ತೆಗೆಯಲು ಬಂದವರನ್ನು ಅದು ಏರಿತೇ ಎಂದು ಕೇಳಿ ದಿನಾಂಕ ಬರೆದಿಟ್ಟುಕೊಳ್ಳಿ. ಫೋಟೊವೂ ಆಗಿ, ಒಪ್ಪಿಗೆಯೂ ಆಗಿ, ಹಣ ಮಾತ್ರ ಬಿಡುಗಡೆಯಾಗಿಲ್ಲದಿದ್ದರೆ ಅದು ಮೇಲಿನ ಅನುದಾನದ ವಿಷಯ. ಆಗ ಪಂಚಾಯಿತಿಯಲ್ಲಿ ಕೂಗಾಡಿ ಪ್ರಯೋಜನವಿಲ್ಲ, ತಾಲ್ಲೂಕು ಪಂಚಾಯಿತಿಯ ವಸತಿ ವಿಭಾಗಕ್ಕೆ ಅರ್ಜಿ ಕೊಡಿ.

ನಾಲ್ಕನೇ ಹೆಜ್ಜೆ: ಗ್ರಾಮಸಭೆಯಲ್ಲಿ ಎದ್ದು ನಿಲ್ಲಿ

ಫಲಾನುಭವಿಗಳ ಆಯ್ಕೆ ಗ್ರಾಮಸಭೆಯ ಅಧಿಕಾರ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ 1993ರ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೆ ಒಂದಾದರೂ ನಡೆಯಬೇಕು. ಕೋರಂಗೆ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿಗೆ, ಸದಸ್ಯರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು, ಇರಬೇಕು. ಅದರಲ್ಲಿ ಕನಿಷ್ಠ ಶೇ 30 ಮಹಿಳೆಯರು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಆ ಸಭೆಯ ಸದಸ್ಯರು. ನೀವು ಅಲ್ಲಿ ಅತಿಥಿಯಲ್ಲ.

ನಮ್ಮಲ್ಲಿ ತೊಂದರೆ ಎಂದರೆ ಅಡಿಕೆ ಕೊಯ್ಲಿನ ಭರದಲ್ಲಿ ಸಭೆ ಇಟ್ಟರೆ ಜನ ಬರುವುದಿಲ್ಲ. ಚೇಣಿಯವರು (ಫಸಲು ಗುತ್ತಿಗೆ ಹಿಡಿದವರು), ಕೊನೆ ತೆಗೆಯುವವರು, ಸುಲಿಯುವ ಹೆಂಗಸರು ಎಲ್ಲರೂ ತೋಟದಲ್ಲೋ ಅಂಗಳದಲ್ಲೋ ಇರುತ್ತಾರೆ. ಮನೆಯಿಲ್ಲದವರೂ ಅವರೇ. ಸಭೆ ಯಾವಾಗ ಎಂದು ವಾರ್ಡ್ ಸದಸ್ಯರನ್ನು ಮೊದಲೇ ಕೇಳಿ, ದಿನಾಂಕ ಹೊಂದದಿದ್ದರೆ ಬದಲಿಸಿ ಎಂದು ಹತ್ತು ಜನ ಸಹಿ ಮಾಡಿ ಅರ್ಜಿ ಕೊಡಿ. ವಾರ್ಡ್ ಸಭೆಯನ್ನೂ ಬಿಡಬೇಡಿ. ಹೆಸರು ಮೊದಲು ಬರುವುದು ಅಲ್ಲಿಂದ.

ಸಭೆಯಲ್ಲಿ ಕೇಳಬೇಕಾದ್ದು ಸರಳ. ಈ ಸಾಲಿಗೆ ನಮ್ಮ ಪಂಚಾಯಿತಿಗೆ ಎಷ್ಟು ಮನೆಗಳ ಗುರಿ ಬಂದಿದೆ? ವರ್ಗವಾರು ಎಷ್ಟು? ಹಿಂದಿನ ಸಭೆಯಲ್ಲಿ ಆಯ್ಕೆಯಾದವರ ಪಟ್ಟಿ ಓದಿ, ಅವರಲ್ಲಿ ಯಾರ ಮನೆ ಯಾವ ಹಂತದಲ್ಲಿದೆ? ಬ್ಲಾಕ್ ಆದವು ಯಾವುವು, ಏಕೆ? ಧ್ವನಿ ಎತ್ತರಿಸದೆ, ಬರೆದುಕೊಂಡು ಹೋಗಿ ಓದಿದರೂ ಸಾಕು. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯಲ್ಲಿದೆ: ನಡಾವಳಿಯನ್ನು ಸಭೆಯಲ್ಲೇ ಬರೆದು ಓದಿ ಹೇಳಲು ಕೇಳಿ, ಆಮೇಲೆ ಸಹಿ ಮಾಡಿ. ಖಾಲಿ ಹಾಜರಾತಿ ಪುಟಕ್ಕೆ ಸಹಿ ಹಾಕಿ ಊಟಕ್ಕೆ ಏಳುವ ಅಭ್ಯಾಸವನ್ನು ನಾವು ಬಿಡಲೇಬೇಕು. ಆ ಸಹಿಯ ಮೇಲೆ ನಂತರ ಏನು ಬರೆದರೂ ಅದು ನಿಮ್ಮ ಒಪ್ಪಿಗೆಯಾಗುತ್ತದೆ.

ಇದಲ್ಲದೆ ಸಾಮಾಜಿಕ ಪರಿಶೋಧನೆ ನಡೆಯುತ್ತದೆ. ಪರಿಶೋಧನಾ ತಂಡದವರು ಮನೆ ಮನೆಗೆ ಬಂದು ಅಳೆದು, ಕೇಳಿ, ಬರೆದುಕೊಂಡು ಸಭೆಯಲ್ಲಿ ಮಂಡಿಸುತ್ತಾರೆ. ಅವರು ಬಂದ ದಿನ ಕೆಲಸ ಬಿಟ್ಟಾದರೂ ಮನೆಯಲ್ಲಿರಿ. ವರ್ಷಕ್ಕೊಮ್ಮೆ ಪಂಚಾಯಿತಿಯ ಜಮಾಬಂದಿ ಇರುತ್ತದೆ. ಅಂದು ಲೆಕ್ಕದ ಪುಸ್ತಕ, ವೋಚರು, ರಿಜಿಸ್ಟರುಗಳನ್ನು ಜನರ ಮುಂದೆ ಇಡುತ್ತಾರೆ. ರಾಜ್ಯ ಲೆಕ್ಕ ಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯವರು ಪಂಚಾಯಿತಿಯ ಲೆಕ್ಕ ನೋಡಿ ಆಕ್ಷೇಪಣೆ ಬರೆದಿರುತ್ತಾರೆ. ಹಿಂದಿನ ವರ್ಷದ ಆಕ್ಷೇಪಣೆಗಳಿಗೆ ಏನು ಉತ್ತರ ಕೊಟ್ಟಿರಿ, ವಸೂಲಿ ಎಂದು ಬರೆದದ್ದು ವಸೂಲಾಯಿತೇ ಎಂದು ಜಮಾಬಂದಿಯಲ್ಲಿ ಕೇಳಿ. ಈ ಪ್ರಶ್ನೆ ಕೇಳುವವರು ಕಡಿಮೆ. ಅದಕ್ಕೇ ಕೇಳಬೇಕು.

ಐದನೇ ಹೆಜ್ಜೆ: ಜಾಗದ ದಾಖಲೆ

ಮನೆಗೆ ಹಣ ಬಂದಷ್ಟೇ ಮುಖ್ಯ, ಆ ಮನೆ ನಿಂತ ನೆಲ ಯಾರ ಹೆಸರಿನಲ್ಲಿದೆ ಎಂಬುದು. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಆಸ್ತಿಗಳಿಗೆ ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9, ನಮೂನೆ 11ಎ, ನಮೂನೆ 11ಬಿ ಬರುತ್ತವೆ. ಗ್ರಾಮಠಾಣದ ಜಾಗ, ಭೂಪರಿವರ್ತನೆಯಾಗಿ ಅನುಮೋದನೆ ಪಡೆದ ಜಾಗ, ಸರ್ಕಾರಿ ವಸತಿ ಯೋಜನೆಯ ನಿವೇಶನ ಇವಕ್ಕೆ ನಮೂನೆ 9. ಅದರ ಜೊತೆಗೆ ಬರುವ 11ಎ ತೆರಿಗೆ ಬೇಡಿಕೆ, ವಸೂಲಿ, ಬಾಕಿಯ ವಿವರ. ಆ ಗುಂಪಿಗೆ ಸೇರದವಕ್ಕೆ 11ಬಿ.

ನಮೂನೆ 9 ಕೈಗೆ ಬಂದೊಡನೆ ಕಪಾಟಿಗೆ ಹಾಕಬೇಡಿ. ಹೊರಗೆ ತಂದು ಅಂಗಳದಲ್ಲಿ ನಿಂತು ಓದಿ. ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, ಪೂರ್ವಕ್ಕೆ ರಸ್ತೆ ಎಂದಿದ್ದರೆ ಪೂರ್ವಕ್ಕೆ ತಿರುಗಿ ನೋಡಿ, ರಸ್ತೆ ಇದೆಯೇ? ಪಶ್ಚಿಮಕ್ಕೆ ಇಂಥವರ ಜಾಗ ಎಂದಿದ್ದರೆ ಅವರದ್ದೇ ಹೌದೇ? ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣ ಅಳತೆಯನ್ನು ಟೇಪ್ ಹಿಡಿದು ನೋಡಿ. ದಿಕ್ಕು ಅದಲುಬದಲಾಗಿರುವುದು ಬಹಳ ಸಾಮಾನ್ಯ, ನಲವತ್ತು ಅಡಿ ಮೂವತ್ತಾಗಿರುವುದೂ ಉಂಟು. ಫೋಟೊ ನಿಮ್ಮದೇ ಆಗಿರಲಿ. ಆಸ್ತಿ ಗುರುತಿನ ಸಂಖ್ಯೆಯನ್ನು ಇ-ಸ್ವತ್ತು ಜಾಲತಾಣದಲ್ಲಿ ಹಾಕಿ ಅಲ್ಲಿರುವುದೂ ಕೈಯಲ್ಲಿರುವುದೂ ಒಂದೇ ಎಂದು ಖಚಿತಪಡಿಸಿಕೊಳ್ಳಿ. ಜಾಗ ಅಥವಾ ಮನೆ ಕೊಳ್ಳುವವರಂತೂ ಇದನ್ನು ಮಾಡದೆ ಮುಂಗಡ ಕೊಡಬಾರದು. ಜೊತೆಗೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಋಣಭಾರ ಪ್ರಮಾಣಪತ್ರ ತೆಗೆಸಿ. ವ್ಯವಹಾರ ನಡೆದಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ.

ಖಾತೆ ಎಂದರೆ ಒಡೆತನ ಎಂದು ಹಲವರು ನಂಬಿದ್ದಾರೆ. ಖಾತೆ ಹೇಳುವುದು ತೆರಿಗೆ ಕಟ್ಟಬೇಕಾದವರು ಯಾರು ಎಂದು. ಒಡೆತನ ಬರುವುದು ಹಕ್ಕುಪತ್ರ, ಕ್ರಯಪತ್ರ, ವಿಭಾಗಪತ್ರದಂಥ ಮೂಲ ದಾಖಲೆಯಿಂದ. ಅವನ್ನು ಜೋಪಾನ ಮಾಡಿ. ಸರ್ಕಾರ ಕೊಟ್ಟ ನಿವೇಶನದ ಹಕ್ಕುಪತ್ರದಲ್ಲಿ ಪರಭಾರೆ ಮಾಡಬಾರದೆಂಬ ಷರತ್ತು, ಅವಧಿ ಬರೆದಿರುತ್ತದೆ. ಅದನ್ನು ಓದದೆ ಮಾರಿದವರೂ ಕೊಂಡವರೂ ಇಬ್ಬರೂ ಸಿಕ್ಕಿಬೀಳುತ್ತಾರೆ. ಮನೆ ಯಜಮಾನ ತೀರಿಕೊಂಡಿದ್ದರೆ ಪೌತಿ ಖಾತೆಯನ್ನು, ಅಂದರೆ ವಾರಸುದಾರರ ಹೆಸರಿಗೆ ಖಾತೆ ಮಾಡಿಸುವುದನ್ನು, ಮುಂದೂಡಬೇಡಿ. ಅಜ್ಜನ ಹೆಸರಿನಲ್ಲೇ ಉಳಿದ ಜಾಗದಿಂದ ಮೊಮ್ಮಗಳಿಗೆ ಮನೆ ಮಂಜೂರಾಗದ ಉದಾಹರಣೆ ನಮ್ಮ ಪಕ್ಕದ ಊರಲ್ಲೇ ಇದೆ.

ಮಲೆನಾಡಿನ ದೊಡ್ಡ ನೋವು ಬೇರೆಯೇ. ತಲೆಮಾರಿನಿಂದ ಇದ್ದ ಮನೆ, ದೀಪ ಹಚ್ಚಿದ ಜಾಗ, ಆದರೆ ಪಹಣಿ ತೆಗೆದರೆ ಅರಣ್ಯ, ಗೋಮಾಳ ಅಥವಾ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು). 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಡೆಯಾಗಿ ಬಂದವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ದಾಖಲೆಗಾಗಿ ಅಲೆಯುತ್ತಿದ್ದಾರೆ. ಬೆಳಕಿಗಾಗಿ ಊರು ಬಿಟ್ಟುಕೊಟ್ಟವರು ಅವರು. ಇವರಿಗೆ ವಸತಿ ಯೋಜನೆಯಲ್ಲಿ ಹೆಸರು ಬಂದರೂ ಜಾಗದ ಕಾಗದವಿಲ್ಲವೆಂದು ನಿಂತುಹೋಗುತ್ತದೆ.

ಇಂಥವರು ಮೊದಲು ತಿಳಿಯಬೇಕಾದ್ದು ತಮ್ಮ ಸರ್ವೆ ನಂಬರ್ ಕಂದಾಯ ಭೂಮಿಯೋ ಅರಣ್ಯವೋ ಎಂಬುದು. ಗ್ರಾಮ ಆಡಳಿತಾಧಿಕಾರಿಯಿಂದ ಪಹಣಿ ಮತ್ತು ಗ್ರಾಮ ನಕ್ಷೆ ಪಡೆಯಿರಿ. ಸರ್ಕಾರಿ ಕಂದಾಯ ಭೂಮಿಯಲ್ಲಿ ಕಟ್ಟಿಕೊಂಡ ವಾಸದ ಮನೆಯಾದರೆ ಭೂಕಂದಾಯ ಕಾಯ್ದೆ 1964ರ ಕಲಂ 94ಸಿ ಅಡಿ ಸಕ್ರಮಕ್ಕೆ ಅವಕಾಶವಿದೆ. ಅರ್ಜಿ ತಹಶೀಲ್ದಾರರಿಗೆ, ಪಟ್ಟಣದ ವ್ಯಾಪ್ತಿಯಾದರೆ 94ಸಿಸಿ. ಅರ್ಜಿಯ ಅವಧಿ ತೆರೆದಿದೆಯೇ ಎಂದು ನಾಡಕಚೇರಿಯಲ್ಲಿ ಕೇಳಿಕೊಳ್ಳಿ. ಹಳೆಯ ಕರೆಂಟ್ ಬಿಲ್, ರೇಷನ್ ಕಾರ್ಡ್, ಮತದಾರರ ಪಟ್ಟಿ, ಮನೆ ಕಂದಾಯದ ರಸೀದಿ ಇವೇ ಅಲ್ಲಿ ಸಾಕ್ಷಿ. ಅರಣ್ಯವಾದರೆ ದಾರಿ ಅರಣ್ಯ ಹಕ್ಕು ಕಾಯ್ದೆ 2006. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅಲ್ಲಿದ್ದಿರಬೇಕು. ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳಾದರೆ ಆ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ವಾಸವಿದ್ದದ್ದನ್ನು ತೋರಿಸಬೇಕು. ಅರ್ಜಿ ಹೋಗುವುದು ಗ್ರಾಮ ಅರಣ್ಯ ಹಕ್ಕು ಸಮಿತಿಗೆ, ಅಲ್ಲಿಂದ ಉಪವಿಭಾಗ ಮಟ್ಟಕ್ಕೆ, ಕೊನೆಗೆ ಜಿಲ್ಲಾ ಮಟ್ಟಕ್ಕೆ. ಅರ್ಜಿ ತಿರಸ್ಕಾರವಾದರೆ ಕಾರಣ ಬರಹದಲ್ಲಿ ಕೇಳಿ ಪಡೆಯಿರಿ, ಮೇಲ್ಮನವಿಗೆ ಕಾಲಮಿತಿ ಇದೆ.

ಶಿವಮೊಗ್ಗ ನಗರದವರಿಗೆ ಒಂದೆರಡು ಮಾತು. ಅಲ್ಲಿ ದಾಖಲೆ ಮಹಾನಗರ ಪಾಲಿಕೆಯ ಇ-ಆಸ್ತಿಯಲ್ಲಿ. ಗೋವಿಂದಾಪುರದಂಥ ಕಡೆ ಆಶ್ರಯ ಬಹುಮಹಡಿ ಮನೆಗೆ ವಂತಿಗೆ ಕಟ್ಟಿದವರು ಪ್ರತಿ ಕಂತಿನ ಬ್ಯಾಂಕ್ ಚಲನ್ ಇಟ್ಟುಕೊಂಡು, ಹಂಚಿಕೆ ಪತ್ರದಲ್ಲಿನ ಬ್ಲಾಕ್, ಮಹಡಿ, ಮನೆ ಸಂಖ್ಯೆಯನ್ನು ತಾಳೆ ನೋಡಿಕೊಳ್ಳಲಿ.

ಆರನೇ ಹೆಜ್ಜೆ: ಕೇಳಿದರೂ ಹೇಳದಿದ್ದರೆ

ಮಾಹಿತಿ ಹಕ್ಕು ಕಾಯ್ದೆ 2005 ಇದೆ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಶುಲ್ಕ 10 ರೂಪಾಯಿಯ ಪೋಸ್ಟಲ್ ಆರ್ಡರ್, ಪ್ರತಿಗೆ ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದರೆ ಅದರ ಪ್ರತಿ ಲಗತ್ತಿಸಿ, ಶುಲ್ಕ ಬೇಡ. ಗ್ರಾಮ ಪಂಚಾಯಿತಿಯಲ್ಲಿ ಸಾಮಾನ್ಯವಾಗಿ ಪಿಡಿಒ ಅವರೇ ಮಾಹಿತಿ ಅಧಿಕಾರಿ. ವಿಷಯವನ್ನು ಹೀಗೆ ಬರೆಯಬಹುದು:

"ನಮ್ಮ ಗ್ರಾಮ ಪಂಚಾಯಿತಿಯಲ್ಲಿ 2023-24ನೇ ಸಾಲಿನ ವಸತಿ ಯೋಜನೆ ಫಲಾನುಭವಿಗಳನ್ನು ಆಯ್ಕೆ ಮಾಡಿದ ಗ್ರಾಮಸಭೆಯ ನಡಾವಳಿ, ಆ ದಿನದ ಹಾಜರಾತಿ ಪುಟಗಳು ಹಾಗೂ ಅನುಮೋದಿತ ಪಟ್ಟಿಯ ದೃಢೀಕೃತ ಪ್ರತಿ ನೀಡಲು, ಮತ್ತು ಸಂಬಂಧಿಸಿದ ಕಡತವನ್ನು ಖುದ್ದು ಪರಿಶೀಲಿಸಲು ದಿನಾಂಕ ತಿಳಿಸಲು ಕೋರುತ್ತೇನೆ."

"ಏಕೆ ಅನ್ಯಾಯ ಮಾಡಿದಿರಿ" ಎಂಬಂಥ ಪ್ರಶ್ನೆ ಬರೆದರೆ ಉತ್ತರ ಬರುವುದಿಲ್ಲ. ದಾಖಲೆಯ ಹೆಸರು ಹೇಳಿ ಕೇಳಿ. ಬೇರೆಯವರ ಆಧಾರ್, ಬ್ಯಾಂಕ್ ಖಾತೆ ಕೇಳಬೇಡಿ. ಅದು ನಮಗೆ ಬೇಕಾದದ್ದೂ ಅಲ್ಲ. 30 ದಿನದೊಳಗೆ ಉತ್ತರ ಬರಬೇಕು. ಅವಧಿ ಮೀರಿದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು. ನಂತರದ 30 ದಿನದೊಳಗೆ ಮೊದಲ ಮೇಲ್ಮನವಿ, ಅದಕ್ಕೂ ಫಲವಿಲ್ಲದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ.

ದೂರಿನ ದಾರಿಯೂ ಮೆಟ್ಟಿಲು ಮೆಟ್ಟಿಲಾಗಿಯೇ ಇರಲಿ: ಪಿಡಿಒ, ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿ (ಇಒ), ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ (ಸಿಇಒ). ಪ್ರತಿ ಕಡೆಯೂ ಸ್ವೀಕೃತಿ ಪಡೆಯಿರಿ. 1902 ಸಹಾಯವಾಣಿಗೆ ದೂರು ಕೊಟ್ಟರೆ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ದುಡ್ಡು ಕೊಟ್ಟರಷ್ಟೇ ಫೋಟೊ ತೆಗೆಯುತ್ತೇವೆ ಎಂದವರಿದ್ದರೆ ಲೋಕಾಯುಕ್ತಕ್ಕೆ ಹೋಗಿ, ಜಿಲ್ಲಾ ಕೇಂದ್ರದಲ್ಲೇ ಅವರ ಪೊಲೀಸ್ ಠಾಣೆಯಿದೆ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಆದರೆ ಬಲವಂತಕ್ಕೆ ಕೊಟ್ಟವರು ಏಳು ದಿನದೊಳಗೆ ತಿಳಿಸಿದರೆ ಅವರಿಗೆ ರಕ್ಷಣೆಯಿದೆ. ಹೆದರಿ ತಿಂಗಳುಗಟ್ಟಲೆ ಸುಮ್ಮನಿದ್ದರೆ ಆ ರಕ್ಷಣೆ ಕೈತಪ್ಪುತ್ತದೆ.

ಮನೆ ಮುಗಿದ ಮೇಲೆ

ಕೊನೆಯ ಬಿಲ್ ಬಂದೊಡನೆ ಎಲ್ಲರೂ ಮರೆಯುವ ಕೆಲಸವೊಂದಿದೆ. ನಿಮ್ಮ ನಮೂನೆ 9ರಲ್ಲಿ ಇನ್ನೂ ಖಾಲಿ ನಿವೇಶನವೆಂದೇ ಇರುತ್ತದೆ. ಕಟ್ಟಡ ಸೇರಿಸಲು ಪಂಚಾಯಿತಿಗೆ ಅರ್ಜಿ ಕೊಡಿ. ಮನೆಯ ಅಳತೆ, ಸೂರು ಹೆಂಚಿನದೋ ಆರ್‌ಸಿಸಿಯೋ, ಎಲ್ಲ ದಾಖಲಾಗಿ ಕಂದಾಯ ನಿಗದಿಯಾಗಲಿ. ಮುಂದೊಂದು ಮಳೆಗಾಲದಲ್ಲಿ ಧರೆ ಕುಸಿದು ಮನೆಗೆ ಹಾನಿಯಾದರೆ ಪರಿಹಾರಕ್ಕೆ ಬರುವವರು ಮೊದಲು ಕೇಳುವುದು ಅಲ್ಲಿ ಮನೆ ಇತ್ತೆಂಬ ದಾಖಲೆಯನ್ನೇ.

ಚಿಕ್ಕಮ್ಮನ ಮನೆಗೆ ಮೇ 20ರ ಹೊತ್ತಿಗೆ ಹೆಂಚು ಹೊದಿಸಿ ಆಯಿತು. ಜುಲೈನಲ್ಲಿ ಅವರ ಕಟ್ಟಡದ ಅರ್ಜಿ ಬರೆಯಲು ಹೋದಾಗ ಕಾಗದಗಳೆಲ್ಲ ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ, ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ತಾಗಿ ತೇವ ಹಿಡಿಯದ ಕಡೆ ಇದ್ದವು. ಎರಡು ಪಾಸ್‌ಬುಕ್ಕೂ ಜೊತೆಗೇ ಇದ್ದವು, ರಬ್ಬರ್ ಬ್ಯಾಂಡ್ ಹಾಕಿ.